ಹಳೆಯ ಗಾಡಿಯ ಬೆಲೆ ಎಲ್ಲಿದೆ

ಅಡಕೆ ಕೊಯ್ಲು ಮುಗಿದು, ಮಂಡಿಯ ಲೆಕ್ಕ ಚುಕ್ತವಾಗಿ, ಸಾಲಸೋಲಗಳನ್ನು ತೀರಿಸಿದ ಮೇಲೆಯೂ ಕೈಯಲ್ಲಿ ಒಂದಿಷ್ಟು ಹಣ ಉಳಿಯುವ ಕಾಲದಲ್ಲಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳ ತರುಣರ ಮನಸ್ಸು ಯಾವ ದಿಕ್ಕಿಗೆ ಹರಿಯುವುದೆಂಬುದನ್ನು ಬಲ್ಲವರಿಗೆ ಯಮಹಾ ಆರ್‌ಎಕ್ಸ್ 100 ಎಂಬ ಹೆಸರನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಅನ್ಯದೇಶಗಳಲ್ಲಿ ಸಿರಿವಂತರು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೊಂಡು, ಅವುಗಳ ಬೆಲೆ ಇಳಿಯದಂತೆ ಕಾಪಾಡಿಕೊಂಡು, ವಿಹಾರವನ್ನೂ ವಿತ್ತವನ್ನೂ ಏಕಕಾಲದಲ್ಲಿ ಸಾಧಿಸಲು ಯತ್ನಿಸುವರು. ನಮ್ಮ ಸೀಮೆಯಲ್ಲಿ ಆ ಸ್ಥಾನವನ್ನು ಆಕ್ರಮಿಸಿರುವುದು ಎರಡು ಚಕ್ರದ, ಎರಡು ಸ್ಟ್ರೋಕಿನ, ಈಗ ಯಾವ ಕಾರ್ಖಾನೆಯೂ ತಯಾರಿಸದ ಮೋಟಾರ್ ಸೈಕಲ್ಲುಗಳು. ಇವುಗಳನ್ನು ಕೊಳ್ಳಬಯಸುವವರು ನನ್ನಲ್ಲಿಗೆ ಬಂದು ಕೇಳುವುದು ಸಾಮಾನ್ಯವಾಗಿ ಇಂಜಿನ್ನಿನ ವಿಚಾರವನ್ನು. ನಾನು ಹೇಳಬಯಸುವುದಾದರೋ ಕಾಗದದ ವಿಚಾರವನ್ನು. ಇಂತಹ ಗಾಡಿಯ ಬೆಲೆಯ ಬಹುಭಾಗ ಅದರ ಆರ್.ಸಿ. ಬುಕ್ಕಿನಲ್ಲಿಯೂ ಚಾಸಿಯ ಮೇಲೆ ಕೊರೆದ ಅಂಕಿಗಳಲ್ಲಿಯೂ ನೆಲೆಸಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗಾಡಿಗಳ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡುವೆನು. ಎಸ್ಕಾರ್ಟ್ಸ್ ಸಂಸ್ಥೆ ಜಪಾನಿನ ಯಮಹಾದ ಸಹಯೋಗದಿಂದ 1985ರಲ್ಲಿ ಹೊರತಂದ ಆರ್‌ಎಕ್ಸ್ 100, 98 ಸಿಸಿಯ ಸಣ್ಣ ಇಂಜಿನ್ನಿನಿಂದ 11 ಅಶ್ವಶಕ್ತಿಯನ್ನು ಪಡೆದು, ದೇಹಭಾರದಲ್ಲಿ ಒಂದು ಕ್ವಿಂಟಾಲಿನ ಆಸುಪಾಸಿನಲ್ಲಿದ್ದುದರಿಂದ, ತನಗಿಂತ ದೊಡ್ಡ ಗಾಡಿಗಳನ್ನು ಹಿಂದಿಕ್ಕುವ ಸಾಮರ್ಥ್ಯವನ್ನು ಹೊಂದಿತ್ತು. 1996ರಲ್ಲಿ, ಹೊಗೆಯ ನಿಯಮಗಳು ಬಿಗಿಯಾದಾಗ, ಅದರ ತಯಾರಿಕೆ ನಿಂತಿತು. ಅದೇ ಎಸ್ಕಾರ್ಟ್ಸ್ 1983ರಲ್ಲಿ ತಂದಿದ್ದ ರಾಜದೂತ್ 350, ಎರಡು ಸಿಲಿಂಡರಿನ ನಿಜವಾದ ಓಟದ ಯಂತ್ರವಾಗಿದ್ದರೂ, ಪೆಟ್ರೋಲನ್ನು ಅತಿಯಾಗಿ ಕುಡಿಯುವುದೆಂಬ ಕಾರಣದಿಂದ ಅಂದಿನ ಗೃಹಸ್ಥರ ಅನಾದರಕ್ಕೆ ಪಾತ್ರವಾಗಿ, ಆ ದಶಕ ಮುಗಿಯುವಷ್ಟರಲ್ಲಿ ಮರೆಯಾಯಿತು. ಅಂದು ಬೇಡವಾದುದಕ್ಕೆ ಇಂದು ಸಂಗ್ರಾಹಕರು ಆರ್‌ಎಕ್ಸ್‌ಗಿಂತಲೂ ಹೆಚ್ಚಿನ ಹಣವನ್ನು ತೆರುತ್ತಿರುವರು.

ಮೂರನೆಯದು ನಮ್ಮ ರಾಜ್ಯದ್ದೇ ಆದ ಯೆಜ್ದಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸತೊಡಗಿ, 1973ರಿಂದ ಯೆಜ್ದಿಯೆಂಬ ಹೆಸರನ್ನು ತಾಳಿ, 1978ರಲ್ಲಿ ರೋಡ್‌ಕಿಂಗ್ ಎಂಬ ವೇಗದ ಮಾದರಿಯನ್ನು ಹೊರಡಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಗಿಯರಿನ ಕಡ್ಡಿಯೇ ಕಿಕ್ಕರಾಗಿ ಪರಿಣಮಿಸುವ, ಎರಡು ಸೈಲೆನ್ಸರುಗಳಿಂದ ಗಂಭೀರವಾಗಿ ನುಡಿಯುವ ಈ ಗಾಡಿಯನ್ನು ಕಂಡರೆ ನನಗೆ ಪಕ್ಷಪಾತವುಂಟೆಂಬುದನ್ನು ಓದುಗರು ಈಗಲೇ ತಿಳಿದಿರುವುದು ಒಳ್ಳೆಯದು.

2012ರಲ್ಲಿ ಸವಳಂಗದ ಕಡೆಯ ಒಂದು ಮನೆಯಲ್ಲಿ, ಯಜಮಾನರು ವಯಸ್ಸಾಗಿ ಓಡಿಸಲಾಗದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ 1992ರ ರೋಡ್‌ಕಿಂಗನ್ನು ನಾನು 28,000 ರೂಪಾಯಿಗೆ ಕೊಂಡೆನು. ಅದೇ ವರ್ಷದಲ್ಲಿ ಕ್ರ್ಯಾಂಕು, ಬೋರು, ಟೈರು, ವೈರಿಂಗು, ಬಣ್ಣ ಎಂದು ಮತ್ತೆ 45,000 ರೂಪಾಯಿ ವೆಚ್ಚವಾಗಿ, ಒಟ್ಟು ಬಂಡವಾಳ 73,000 ಆಯಿತು. 2025ರ ಹೊತ್ತಿಗೆ ಇದಕ್ಕೆ ಬಂದ ಅತ್ಯುತ್ತಮ ಕೇಳಿಕೆ 1,40,000 ರೂಪಾಯಿ. ಹಣ ದುಪ್ಪಟ್ಟಾಯಿತಲ್ಲ ಎಂದು ಹರ್ಷಿಸುವವರು ಸ್ವಲ್ಪ ತಾಳಬೇಕು: ಅದೇ 73,000 ರೂಪಾಯಿಯನ್ನು ಸರಾಸರಿ ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿಯಿಟ್ಟು ಚಕ್ರಬಡ್ಡಿ ಬೆಳೆಯಬಿಟ್ಟಿದ್ದರೆ ಸುಮಾರು 1,75,000 ಆಗುತ್ತಿತ್ತು, ಅದಕ್ಕೆ ಎಣ್ಣೆ ಹಾಕುವ ಅಗತ್ಯವೂ ಇರುತ್ತಿರಲಿಲ್ಲ. ಆದಕಾರಣ ಹಳೆಯ ಗಾಡಿಯನ್ನು ಹೂಡಿಕೆಯೆಂದು ಕರೆಯಲು ನಾನು ಒಪ್ಪೆನು. ಆದರೆ ಹೋಲಿಸಬೇಕಾದುದು ಠೇವಣಿಯೊಡನೆ ಮಾತ್ರವಲ್ಲ. ನನ್ನ ಭಾವಮೈದುನರು ಅದೇ ವರ್ಷ ಹೆಚ್ಚುಕಡಮೆ ಅಷ್ಟೇ ಹಣಕ್ಕೆ ಕೊಂಡ ಹೊಚ್ಚ ಹೊಸ 150 ಸಿಸಿ ಗಾಡಿಯನ್ನು ಇಂದು 20,000 ರೂಪಾಯಿಗೆ ಕೇಳುವವರು ಸಿಕ್ಕರೆ ಅದೇ ದೊಡ್ಡದು. ಓಡಾಟಕ್ಕೆಂದು ಹೇಗೂ ಹಾಕಲೇಬೇಕಾದ ಹಣವು ಕರಗಿಹೋಗದೆ ಬಹುಮಟ್ಟಿಗೆ ಹಿಂದಿರುಗುವುದೆಂಬುದೇ ಇಲ್ಲಿಯ ಲಾಭ, ಅದು ಅಲ್ಪವಾದುದಲ್ಲ.

ಬೆಲೆ ಹೀಗೆ ಉಳಿಯಲು ಕಾರಣವೇನು? ವಿರಳತೆಯೆಂದು ಹಲವರು ಹೇಳುವರು. ಇಟಲಿಯ ಫೆರಾರಿ 250 ಜಿಟಿಓ ಕಾರಿನ ವಿಷಯದಲ್ಲಿ, 1962ರಿಂದ 1964ರವರೆಗೆ ತಯಾರಾದದ್ದು ಕೇವಲ 36 ಆದುದರಿಂದ, ಆ ಮಾತು ಯುಕ್ತವೇ ಸರಿ. ಆದರೆ ಆರ್‌ಎಕ್ಸ್ 100 ವಿರಳವಲ್ಲ. ಯಾವ ಊರಿಗೆ ಹೋದರೂ ಅದರ ಸದ್ದು ಕೇಳುವುದು. ಅದರ ಬೆಲೆಯನ್ನು ಕಾಯುತ್ತಿರುವುದು, ಹೊಗೆಯ ನಿಯಮಗಳಿಂದಾಗಿ ಅಂತಹ ಯಂತ್ರ ಮತ್ತೊಮ್ಮೆ ತಯಾರಾಗಲಾರದೆಂಬ ನಿಶ್ಚಯ, ಮತ್ತು ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇರುವವೆಂಬ ಭರವಸೆ. ಜಾವಾ ಹೆಸರು 2018ರಲ್ಲಿಯೂ ಯೆಜ್ದಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದುವಾದರೂ ಅವು ನಾಲ್ಕು ಸ್ಟ್ರೋಕಿನವಾದುದರಿಂದ, ಹಳೆಯದನ್ನು ಬಯಸುವವನ ಆಸೆ ಅವುಗಳಿಂದ ತಣಿಯಲಿಲ್ಲ. ನಾಲ್ಕು ಚಕ್ರದಲ್ಲಿ ಇದಕ್ಕೆ ಸಮೀಪವಾದುದು ಮಾರುತಿ ಜಿಪ್ಸಿ. ರ್‍ಯಾಲಿಗಳಲ್ಲಿ ಹೆಸರು ಗಳಿಸಿದ ಆ ಗಾಡಿಯ ಬೆಲೆಯೂ ಇಂತಹುದೇ ಕಾರಣಗಳಿಂದ ಕುಗ್ಗದೆ ನಿಂತಿದೆ.

ಇನ್ನು ಕಾಗದದ ವಿಚಾರ. ಹೊನ್ನಾಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾದುದು ತೀರ ಇತ್ತೀಚೆಗೆ. ಆದುದರಿಂದ ನಮ್ಮ ಕಡೆಯ ಹಳೆಯ ಗಾಡಿಗಳ ಫಲಕದ ಮೇಲೆ ದಾವಣಗೆರೆಯ 17ರ ಬದಲು ಶಿವಮೊಗ್ಗದ 14 ಕಾಣುವುದು ಸಹಜ, ಮತ್ತು ಮೂಲ ದಾಖಲೆಯನ್ನು ಪರಿಶೀಲಿಸಬಯಸುವವನು ಶಿವಮೊಗ್ಗದ ಆರ್.ಟಿ.ಓ. ಕಚೇರಿಯ ಮೆಟ್ಟಿಲನ್ನೇ ಹತ್ತಬೇಕು. ಮುಂಗಡ ಕೊಡುವ ಮುನ್ನವೇ ಇದನ್ನು ಮಾಡಿರಿ. ನೋಂದಣಿಯ ವಿವರ ವಾಹನ್ ಗಣಕಜಾಲದಲ್ಲಿ ಏರಿದೆಯೇ, ನವೀಕರಣ ಎಂದಿಗೆ ಮುಗಿದಿದೆ, ಹಿಂದಿನ ಸಾಲದ ನಮೂದು ರದ್ದಾಗಿದೆಯೇ ಎಂಬುದನ್ನು ಅಲ್ಲಿ ತಿಳಿಯಬೇಕು. ಬಳಿಕ ಗಾಡಿಯ ಬಳಿಗೆ ಬಂದು, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಬುಕ್ಕಿನೊಡನೆ ಅಂಕಿಯಂಕಿಯಾಗಿ ತಾಳೆ ನೋಡಬೇಕು. ಅಕ್ಷರಗಳ ಸಾಲು ಡೊಂಕಾಗಿದ್ದರೆ, ಸುತ್ತಲಿನ ಲೋಹವನ್ನು ಉಜ್ಜಿ ತೆಳುವಾಗಿಸಿದ ಗುರುತಿದ್ದರೆ, ಮಾರುವವನು ಎಷ್ಟು ಸಭ್ಯನಾಗಿದ್ದರೂ ಅಲ್ಲಿಂದ ಎದ್ದು ಬರುವುದೇ ಲೇಸು. ಕಳವಿನ ಮಾಲನ್ನು ಕೊಂಡವನನ್ನು ಕಾನೂನು ಬಿಡುವುದಿಲ್ಲ. ಇಂಜಿನ್ ನಂಬರ್ ಬೇರೆಯಾಗಿದ್ದು ಅದು ದಾಖಲೆಯಲ್ಲಿ ತಿದ್ದುಪಡಿಯಾಗಿರದಿದ್ದರೆ, ಮುಂದೆ ಕೊಳ್ಳುವ ಸಂಗ್ರಾಹಕನು ಅದೊಂದೇ ಕಾರಣಕ್ಕೆ ಬೆಲೆಯನ್ನು ಗಣನೀಯವಾಗಿ ಕಡಿತಗೊಳಿಸುವನು. ಹೊನ್ನಾಳಿಯ ನನ್ನ ಹಿರಿಯ ಮೆಕ್ಯಾನಿಕರು ಹೇಳುವುದು ಹೀಗೆ: “ಇಂಜಿನ್ ಕೆಟ್ರೆ ನಾ ಮಾಡಿಕೊಡ್ತೀನಿ ಮೇಷ್ಟ್ರೇ, ಬುಕ್ಕು ಕೆಟ್ರೆ ನನ್ ಕೈಲಿ ಆಗಲ್ಲ.”

ಹೆಸರು ವರ್ಗಾವಣೆಯನ್ನು ಮುಂದೂಡುವುದು ನಮ್ಮಲ್ಲಿ ಬೇರೂರಿದ ದುರಭ್ಯಾಸ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಮನೆಯ ಬೀರುವಿನಲ್ಲಿಟ್ಟರೆ ಗಾಡಿ ತನ್ನದಾಯಿತೆಂದು ಭಾವಿಸುವವರು ಬಹಳ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ, ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ತೀರ್ಮಾನಿಸಿತು. ಮಾರುವ ಮುದುಕರ ನೆಮ್ಮದಿಯ ದೃಷ್ಟಿಯಿಂದಲೂ ಈ ಕೆಲಸ ತಡವಿಲ್ಲದೆ ಆಗಬೇಕು. ಮಾಲಿಕರು ತೀರಿಹೋಗಿ, ಮಕ್ಕಳು ಮೂರು ಊರುಗಳಲ್ಲಿ ಚದುರಿಹೋದ ಬಳಿಕ ಸಹಿಗಳನ್ನು ಕೂಡಿಸುವ ಪ್ರಯಾಸವನ್ನು ಕಂಡವರೇ ಬಲ್ಲರು.

ಯಂತ್ರದ ಬಗೆಗೆ ಹೆಚ್ಚು ಹೇಳಲಾರೆ; ನಂಬಿಕಸ್ತ ಮೆಕ್ಯಾನಿಕರನ್ನು ಜೊತೆಗೆ ಕರೆದೊಯ್ಯಿರಿ. ಆದರೂ ಒಂದನ್ನು ಕೇಳಲೇಬೇಕು: ಬೋರು ಎಷ್ಟನೆಯದು? ಸಿಲಿಂಡರು ಸವೆದಾಗ ಕಾಲು ಕಾಲು ಮಿಲಿಮೀಟರಿನಂತೆ ಕೊರೆಸಿ ದೊಡ್ಡ ಪಿಸ್ಟನ್ ಹಾಕುವುದು ರೂಢಿಯಾದುದರಿಂದ, ಕೊನೆಯ ಅಳತೆಯನ್ನು ಮುಟ್ಟಿದ ಬ್ಲಾಕಿಗೆ ಮುಂದಿನ ದಾರಿ ಕಿರಿದು. ಹೊಳೆಯುವ ಹೊಸ ಬಣ್ಣಕ್ಕಿಂತ ಮಾಸಿದ ಮೂಲ ಬಣ್ಣವನ್ನೂ, ಕಿವಿಗಡಚಿಕ್ಕುವ ಬದಲಿ ಸೈಲೆನ್ಸರಿಗಿಂತ ತುಕ್ಕು ಹಿಡಿದ ಕಂಪನಿಯ ಸೈಲೆನ್ಸರನ್ನೂ ನಾನು ಆರಿಸಿಕೊಳ್ಳುವೆನು. ತರುಣರು ಮೆಚ್ಚುವ ಮಾರ್ಪಾಡುಗಳಿಗೆ ಸುರಿದ ಹಣ ಮಾರುವಾಗ ಹಿಂದಿರುಗದು.

ಇಟ್ಟುಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ತರಬೇಕು. 15 ವರ್ಷ ಮುಗಿದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮೋಟಾರ್ ಸೈಕಲ್ಲಿಗೆ 2022ರ ಏಪ್ರಿಲಿನಿಂದ 1,000 ರೂಪಾಯಿಯಾಗಿದ್ದ ಈ ಶುಲ್ಕ, 20 ವರ್ಷ ಮೀರಿದವಕ್ಕೆ 2025ರ ಆಗಸ್ಟಿನ ಅಧಿಸೂಚನೆಯಿಂದ 2,000 ಆಗಿದೆ. ಮೇಲೆ ಹೇಳಿದ ಮೂರು ಗಾಡಿಗಳೂ ಈ ವರ್ಗಕ್ಕೇ ಸೇರುವುವು. ಇದರ ಮೇಲೆ ಹಸಿರು ತೆರಿಗೆಯುಂಟು. ನವೀಕರಣ ತಡವಾದರೆ ತಿಂಗಳಿಗೆ 300 ರೂಪಾಯಿಯ ಹೆಚ್ಚುವರಿ ಶುಲ್ಕವಿರುವುದರಿಂದ, ವರ್ಷಗಟ್ಟಲೆ ನಿಂತ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಆ ಬಾಕಿಯನ್ನು ಬೆಲೆಗೆ ಕೂಡಿಸಿ ನೋಡಬೇಕು. ವಿಮೆಯ ವಿಷಯದಲ್ಲಿ ಬಹುಮಂದಿ ಮೂರನೆಯವರ ಹಾನಿಗೆ ಸಂಬಂಧಿಸಿದ ಕಡ್ಡಾಯ ವಿಮೆಯಷ್ಟಕ್ಕೇ ನಿಲ್ಲುವರು; ಆಗ ಗಾಡಿ ಕಳವಾದರೆ ಒಂದು ಕಾಸೂ ಬಾರದು. 5 ವರ್ಷ ಮೀರಿದ ವಾಹನದ ವಿಮಾ ಮೌಲ್ಯವನ್ನು ವಿಮೆಗಾರರೂ ಮಾಲಿಕರೂ ಪರಸ್ಪರ ಒಪ್ಪಿ ನಿಗದಿಪಡಿಸಬಹುದೆಂಬ ನಿಯಮವಿರುವುದರಿಂದ, ಗಾಡಿಯ ಚಿತ್ರಗಳನ್ನೂ ದುರಸ್ತಿಯ ರಸೀದಿಗಳನ್ನೂ ಮುಂದಿಟ್ಟು ಕೇಳಿ ನೋಡುವುದು ಯೋಗ್ಯ. ಆ ರಸೀದಿಗಳು ಮಾರುವಾಗಲೂ ನೆರವಿಗೆ ಬರುವುವು.

ಸ್ವಂತ ಬಳಕೆಯ ಗಾಡಿಯನ್ನು ಲಾಭಕ್ಕೆ ಮಾರಿದರೆ ಆ ಲಾಭದ ಮೇಲೆ ಬಂಡವಾಳ ಗಳಿಕೆಯ ತೆರಿಗೆಯಿಲ್ಲ. ಆದಾಯ ತೆರಿಗೆಯ ಕಾನೂನು ಇಂತಹ ವಸ್ತುವನ್ನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಕೊಂಡು ಮಾರುವುದನ್ನೇ ವೃತ್ತಿಯಾಗಿಸಿಕೊಂಡವರ ಲೆಕ್ಕ ಮಾತ್ರ ಬೇರೆ. ನನ್ನ ರೋಡ್‌ಕಿಂಗಿನ ನೋಂದಣಿ 2027ರವರೆಗೆ ಊರ್ಜಿತದಲ್ಲಿದೆ. 1,40,000 ಕೇಳಿದ ಶಿವಮೊಗ್ಗದ ಗೃಹಸ್ಥರು ಮತ್ತೊಮ್ಮೆ ಹೇಳಿಕಳುಹಿಸಿರುವರು. ನಾನು 2,000 ರೂಪಾಯಿ ಕಟ್ಟಿ ಇನ್ನೈದು ವರ್ಷಕ್ಕೆ ನವೀಕರಿಸುವುದೆಂದು ನಿಶ್ಚಯಿಸಿ ಅವರಿಗೆ ಹಾಗೆಯೇ ತಿಳಿಸಿದ್ದೇನೆ.