ಚುಝೋಮ್ ಕವಲಿನಲ್ಲಿ ನಾನು ಹಿಡಿದ ಹಟ

ಭೂತಾನದ ಚುಝೋಮ್‌ನಲ್ಲಿ ಎರಡು ಹೊಳೆ ಕೂಡುತ್ತವೆ, ರಸ್ತೆ ಕವಲೊಡೆಯುತ್ತದೆ. ಒಂದು ದಾರಿ ಥಿಂಪುವಿಗೆ, ಇನ್ನೊಂದು ಪಾರೋಗೆ. ದಡದಲ್ಲಿ ಮೂರು ಸ್ತೂಪಗಳಿವೆ: ಒಂದು ನೇಪಾಳದ ಶೈಲಿಯದು, ಒಂದು ಟಿಬೆಟಿನದು, ಒಂದು ಭೂತಾನದ್ದೇ. ಫುಂಟ್‌ಶೋಲಿಂಗ್‌ನಿಂದ ಘಟ್ಟ ಹತ್ತಿ ಬಂದ ಗಾಡಿಯನ್ನು ಅಲ್ಲಿ ನಿಲ್ಲಿಸಿ ಗೈಡ್ ಹಿಂದಿಯಲ್ಲಿ ಕೇಳಿದ: 'ಥಿಂಪುವಿಗೇ ಹೋಗೋಣವಾ ಸರ್? ಅಪಾ ದಣಿದಿದ್ದಾರೆ.' ಜೊಂಖಾ ಭಾಷೆಯಲ್ಲಿ ತಂದೆಗೆ 'ಅಪಾ' ಎನ್ನುತ್ತಾರೆ. ಗಡಿ ದಾಟಿದ ಗಳಿಗೆಯಿಂದ ಆತ ಅಪ್ಪನನ್ನು ಹಾಗೆಯೇ ಕರೆಯುತ್ತಿದ್ದ.

ಪಾರೋಗೇ ಹೋಗಬೇಕು ಎಂದವನು ನಾನು. ಇದನ್ನು ಬರೆಯಲು ಕೂತದ್ದೂ ಆ ಒಂದು ಮಾತಿಗಾಗಿ.

ಅಪ್ಪನಿಗೆ 71. ಪಿರಿಯಾಪಟ್ಟಣದಲ್ಲಿ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ ಅವರಿಗೆ ಮನೆಯಂಗಳವಿದ್ದಂತೆ. 1963ರಲ್ಲಿ ಪೆನೋರ್ ರಿನ್‌ಪೋಚೆ ಕಟ್ಟಿದ ಆ ಮಠಕ್ಕೆ ಭೂತಾನದಿಂದಲೂ ಸನ್ಯಾಸಿಗಳು ಓದಲು ಬರುತ್ತಾರೆ. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ಅಲ್ಲಿನ ಗುಡಿಯಲ್ಲಿ ಬುದ್ಧನ ಪಕ್ಕ ಗುರು ಪದ್ಮಸಂಭವನ ದೊಡ್ಡ ಮೂರ್ತಿಯಿದೆ. ಎಂಟನೇ ಶತಮಾನದಲ್ಲಿ ಈ ಗುರು ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ಪಾರೋ ಕಣಿವೆಯ ಬಂಡೆಗವಿಯಲ್ಲಿ ಧ್ಯಾನಕ್ಕೆ ಕೂತ ಎಂಬುದು ಭೂತಾನಿಗರ ನಂಬಿಕೆ. ಆ ಗವಿಯೇ ತಕ್‌ಸಾಂಗ್, ಹುಲಿಯ ಗವಿ. ಅಲ್ಲೇ 1692ರಲ್ಲಿ ತೆನ್‌ಜಿನ್ ರಬ್ಗೆ ಮಠ ಕಟ್ಟಿಸಿದರು. 1998ರ ಬೆಂಕಿಯಲ್ಲಿ ಮುಖ್ಯ ಕಟ್ಟಡ ಸುಟ್ಟುಹೋಯಿತು. ಮತ್ತೆ ಕಟ್ಟಿ ಮುಗಿಸಿದ್ದು 2005ರಲ್ಲಿ. ಮೂರ್ತಿಯನ್ನು ಬೈಲಕುಪ್ಪೆಯಲ್ಲಿ ನೋಡುತ್ತಲೇ ಬಂದಿದ್ದ ಅಪ್ಪನಿಗೆ ಗುರು ಕೂತ ಜಾಗವನ್ನು ಒಮ್ಮೆ ನೋಡಬೇಕೆಂಬ ಆಸೆ. ಏಳು ದಿನದ ಪ್ರವಾಸ ಗೊತ್ತುಮಾಡಿದ್ದು ಅದಕ್ಕೇ.

ತೊಡಕು ಗಡಿಯಲ್ಲೇ ಶುರುವಾಯಿತು. ಪ್ಯಾಕೇಜು ಮಾರಿದ ಮೈಸೂರಿನ ಏಜೆಂಟ್ ಆಧಾರ್ ಸಾಕು ಎಂದಿದ್ದ. ಸಾಲದು. ಭಾರತೀಯರು ಪಾಸ್‌ಪೋರ್ಟನ್ನೋ ಮತದಾರರ ಗುರುತಿನ ಚೀಟಿಯನ್ನೋ ತೋರಿಸಬೇಕು. ಏಜೆಂಟನ ಮಾತು ನಂಬದ ಅಮ್ಮ ಮೂವರ ವೋಟರ್ ಐಡಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು, ಬಚಾವಾದೆವು. ಆತ ಹೇಳದೆ ಬಿಟ್ಟ ಇನ್ನೊಂದು ಸಂಗತಿಯಿಂದ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಭೂತಾನದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿದೆ. ಬಾಗ್‌ಡೋಗ್ರಾದಲ್ಲಿ ವಿಮಾನವಿಳಿದು ಗಡಿಯ ಈಚೆಗಿನ ಜೈಗಾಂವ್ ಮುಟ್ಟಿ, ಇನ್ನೂ ಇಪ್ಪತ್ತು ನಿಮಿಷ ಇದೆ ಎಂದು ಓಡಿದರೆ ಪರ್ಮಿಟ್ ಕೊಡುವ ಕೌಂಟರು ಹತ್ತು ನಿಮಿಷದ ಹಿಂದೆಯೇ ಮುಚ್ಚಿತ್ತು. ಮರುದಿನ ಪರ್ಮಿಟ್ ಕೈಗೆ ಬರುವ ಹೊತ್ತಿಗೆ ಊಟದ ಸಮಯ ದಾಟಿತ್ತು.

ಹೆಚ್ಚುಕಡಿಮೆ ಒಂದು ದಿನವೇ ಕೈಬಿಟ್ಟಿತು. ಗೈಡ್ ಬರೆದ ಪಟ್ಟಿಯಲ್ಲಿ ಮೊದಲು ಥಿಂಪು, ಆಮೇಲೆ ಪುನಾಖಾ, ಕಡೆಗೆ ಪಾರೋ, ಕಟ್ಟಕಡೆಯ ದಿನ ತಕ್‌ಸಾಂಗ್. ದಿನ ಕಡಿಮೆಯಾದರೆ ಕೊನೆಯದ್ದೇ ತಪ್ಪಿಹೋದೀತು ಎಂಬ ಭಯ ನನಗೆ. ಅಪ್ಪನ ಆಸೆಯದ್ದೇ ತಪ್ಪಬಾರದೆಂದು ಅದನ್ನು ಮೊದಲಿಗೆ ತಂದೆ. ಗೈಡ್ ಎರಡು ಸಲ ಬೇಡವೆಂದ. ದೇಹ ಎತ್ತರಕ್ಕೆ ಒಗ್ಗಿಕೊಳ್ಳಲೆಂದೇ ಅದನ್ನು ಕಡೆಯಲ್ಲಿ ಇಟ್ಟಿರುವುದು ಎಂದೂ ಬಿಡಿಸಿ ಹೇಳಿದ. ಅವನಿಗೆ ದುಡಿಮೆಯ ಲೆಕ್ಕ, ನಮಗೆ ಅಪ್ಪನ ಲೆಕ್ಕ ಎಂದುಕೊಂಡೆ. ಆ ಯೋಚನೆಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಫುಂಟ್‌ಶೋಲಿಂಗ್ ಇರುವುದು ಸುಮಾರು 300 ಮೀಟರ್ ಎತ್ತರದಲ್ಲಿ, ಪಾರೋ 2200ರ ಮೇಲೆ, ತಕ್‌ಸಾಂಗ್ 3120ರಲ್ಲಿ. ಬಿ.ಪಿ. ಮಾತ್ರೆ ನುಂಗುವ ಮನುಷ್ಯನನ್ನು ಮಧ್ಯಾಹ್ನ ಕೆಳಗಿನ ಸೆಕೆಯಿಂದ ಹೊರಡಿಸಿ ಮರುದಿನ ಮಧ್ಯಾಹ್ನದೊಳಗೆ ಆ ಬಂಡೆಯ ಮೇಲೆ ನಿಲ್ಲಿಸಲು ಹೊರಟಿದ್ದೆ. ರಾತ್ರಿ ಪಾರೋ ಹೋಟೆಲಿನಲ್ಲಿ ಅಪ್ಪ ಎರಡು ತುತ್ತೂ ಉಣ್ಣಲಿಲ್ಲ. ತಲೆ ಸಿಡಿಯುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಬುಡದಲ್ಲಿ ಟಿಕೆಟ್ ಕೊಂಡು ಕುದುರೆ ಗೊತ್ತುಮಾಡಿದೆವು. ಕುದುರೆ ಹೋಗುವುದು ಅರ್ಧ ದಾರಿಯ ಕೆಫೆಟೇರಿಯದವರೆಗೆ ಮಾತ್ರ; ಇಳಿಯುವಾಗ ಸವಾರಿ ಇಲ್ಲ. ಅಲ್ಲಿಂದ ಪೈನ್ ಮರಗಳ ನಡುವೆ ಮಣ್ಣಿನ ದಾರಿ, ಮರದಿಂದ ಮರಕ್ಕೆ ಕಟ್ಟಿದ ಮಂತ್ರಪತಾಕೆಗಳು. ಕಡೆಗೊಂದು ತಿರುವಿನಲ್ಲಿ ಮಠ ಎದುರಿಗೇ ಬರುತ್ತದೆ, ಕಂದರದ ಆಚೆ, ಬಂಡೆಗೆ ಅಂಟಿಕೊಂಡು. ಫೋಟೊಗಳಲ್ಲಿ ಎಲ್ಲರೂ ನೋಡಿರುವುದು ಈ ನೋಟವನ್ನೇ. ಅಪ್ಪ ಕೈಮುಗಿದು ನಿಂತರು. ಮಠ ಕೈಗೆ ಎಟಕುವಷ್ಟು ಹತ್ತಿರ ಕಾಣುತ್ತಿತ್ತು. ಆದರೆ ನಡುವೆ ಕಂದರವಿದೆ. ನೂರಾರು ಮೆಟ್ಟಿಲಿಳಿದು, ಜಲಪಾತದ ಬುಡದ ಸೇತುವೆ ದಾಟಿ, ಮತ್ತೆ ಅಷ್ಟು ಹತ್ತಬೇಕು.

ಇಳಿಯುವುದು ಸಲೀಸಾಯಿತು. ಸೇತುವೆ ದಾಟಿ ಹತ್ತನೆಯದೋ ಹನ್ನೆರಡನೆಯದೋ ಮೆಟ್ಟಿಲಿನಲ್ಲಿ ಅಪ್ಪ ಕೂತುಬಿಟ್ಟರು. ಕೂತದ್ದಲ್ಲ, ಕುಸಿದದ್ದು. ತುಟಿ ಬಿಳಿಚಿತ್ತು. ಹಿಡಿದ ಕೈ ಹಸಿ ಕಲ್ಲಿನ ಹಾಗೆ ತಣ್ಣಗಿತ್ತು. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಪಕ್ಕದಲ್ಲಿ ನೀರು ಧೋ ಎಂದು ಬೀಳುತ್ತಿದ್ದುದರಿಂದ ಅವರು ಏನು ಹೇಳುತ್ತಿದ್ದಾರೆಂದು ಕೇಳಿಸಲಿಲ್ಲ. ಬಾಯಿಯ ಹತ್ತಿರ ಕಿವಿಯಿಟ್ಟೆ. 'ರಾತ್ರಿ ಎರಡು ಸಲ ವಾಂತಿ ಆಯ್ತು ಕಣೋ. ನೀನು ಬೇಜಾರು ಮಾಡ್ಕೊತೀಯಾ ಅಂತ ಹೇಳ್ಲಿಲ್ಲ.'

ಆಗಲೂ ನನ್ನ ಬಾಯಿಂದ ಬಂದದ್ದು, 'ಇನ್ನು ಸ್ವಲ್ಪವೇ ಅಪ್ಪಾ, ಬಾಗಿಲು ಅಲ್ಲೇ ಕಾಣ್ತಿದೆ.'

ಅಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. 'ಸಾಕು. ವಾಪಸ್ ಹೋಗೋಣ' ಎಂದಳು. ಗೈಡ್ ಅಷ್ಟರಲ್ಲೇ ಅಪ್ಪನ ಕೋಟಿನ ಗುಂಡಿ ಬಿಚ್ಚಿ, ತಾನು ತೊಟ್ಟಿದ್ದ ಘೋ ನಿಲುವಂಗಿಯ ಮಡಿಕೆಯಿಂದ ನೀರಿನ ಬಾಟಲಿ ತೆಗೆದು ಗುಟುಕು ಗುಟುಕಾಗಿ ಕುಡಿಸುತ್ತಿದ್ದ.

ವಾಪಸ್ ಹೋಗೋಣ ಎಂದಾಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು. ಆ ಜಾಗದಿಂದ ಕೆಳಗಿಳಿಯಬೇಕಾದರೆ ಮೊದಲು ಮೇಲೇರಬೇಕು. ಇಳಿದು ಬಂದ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆಯೇ ಊರಿನ ದಾರಿ. ಅಲ್ಲಿಗೆ ಕುದುರೆ ಬರದು, ಡೋಲಿ ಇರಲಿಲ್ಲ. ಗೈಡ್ ಒಂದು ಕ್ರಮ ಹಾಕಿದ: ಐದು ಮೆಟ್ಟಿಲು, ಕೂರುವುದು, ಇಪ್ಪತ್ತು ಎಣಿಸುವುದು, ಮತ್ತೆ ಐದು. ಒಂದು ಕಡೆ ಅವನು, ಇನ್ನೊಂದು ಕಡೆ ನಾನು. ಇಳಿದು ಬರುತ್ತಿದ್ದ ಭೂತಾನಿ ಅಜ್ಜಿಯೊಬ್ಬರು ಜಪಮಾಲೆ ಎಣಿಸುತ್ತ ಗೋಡೆಗೆ ಸರಿದು ದಾರಿ ಬಿಟ್ಟರು. ಅವರ ವಯಸ್ಸು ಅಪ್ಪನಿಗಿಂತ ಹೆಚ್ಚೇ ಇದ್ದೀತು. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಏರು ಎರಡು ಗಂಟೆ ತೆಗೆದುಕೊಂಡಿತು. ಬುಡ ಮುಟ್ಟುವಾಗ ಸಂಜೆಯಾಗಿತ್ತು.

ಪಾರೋದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಎತ್ತರದ ತೊಂದರೆ, ಇನ್ನಷ್ಟು ಮೇಲೆ ಒಯ್ಯದೆ ತಿರುಗಿದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರು. ಮರುದಿನ ಪೂರ್ತಿ ವಿಶ್ರಾಂತಿ. ಸಂಜೆ ಮಾತ್ರ ಅಪ್ಪ ಕಿಚು ಲಾಖಾಂಗ್‌ವರೆಗೆ ಗಾಡಿಯಲ್ಲಿ ಬಂದರು. ಟಿಬೆಟಿನ ದೊರೆ ಸೊಂಗ್‌ಟ್ಸೆನ್ ಗಾಂಪೊ ಏಳನೇ ಶತಮಾನದಲ್ಲಿ ಕಟ್ಟಿಸಿದನೆನ್ನುವ ಸಮತಟ್ಟು ಜಾಗದ ಗುಡಿ ಅದು. ಹಣ್ಣುಹಣ್ಣು ಮುದುಕರು ಪ್ರಾರ್ಥನಾ ಚಕ್ರ ತಿರುಗಿಸುತ್ತ ನಿಧಾನಕ್ಕೆ ಸುತ್ತು ಹಾಕುತ್ತಿದ್ದರು. ಅಪ್ಪ ಅವರ ಸಾಲಿಗೆ ಸೇರಿಕೊಂಡರು.

ಆಮೇಲಿನ ದಿನಗಳನ್ನು ಗೈಡ್ ಹೇಳಿದಂತೆ ಕಳೆದೆವು. ಸುಮಾರು 3100 ಮೀಟರ್ ಎತ್ತರದ ದೋಚುಲಾ ಕಣಿವೆಮಾರ್ಗದಲ್ಲಿ 2003ರ ಸೈನಿಕ ಕಾರ್ಯಾಚರಣೆಯ ನೆನಪಿಗೆ ಕಟ್ಟಿದ 108 ಸ್ತೂಪಗಳಿವೆ. ಅಪ್ಪ ಅವನ್ನು ಗಾಡಿಯ ಕಿಟಕಿಯಿಂದಲೇ ನೋಡಿದರು. ಪುನಾಖಾ ತಗ್ಗಿನಲ್ಲಿದೆ, ಬಿಸಿಲೂರು. ಅಲ್ಲಿ ಅವರ ಮುಖಕ್ಕೆ ಬಣ್ಣ ಮರಳಿತು. ಫೋ ಛೂ, ಮೋ ಛೂ ಹೊಳೆಗಳ ಕೂಡಲಿನಲ್ಲಿ ಶಬ್‌ದ್ರುಂಗ್ ನಗವಾಂಗ್ ನಮ್‌ಗ್ಯಾಲ್ 1637-38ರಲ್ಲಿ ಕಟ್ಟಿಸಿದ ಝೋಂಗ್ ಒಂದೇ ಹೊತ್ತಿಗೆ ಕೋಟೆ, ಮಠ, ಕಚೇರಿ ಮೂರೂ. 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಬಂದ ನೆರೆ ಇದಕ್ಕೂ ಬಡಿದಿತ್ತು. ಚಳಿಗಾಲ ಬಂತೆಂದರೆ ಥಿಂಪುವಿನ ಸನ್ಯಾಸಿ ಸಂಘ, ಮುಖ್ಯಗುರು ಜೆ ಖೆನ್‌ಪೊ ಸಮೇತ, ಇಲ್ಲಿಗೆ ಇಳಿದುಬರುತ್ತದೆ. ಎತ್ತರ ಮತ್ತು ದೇಹದ ಲೆಕ್ಕ ಆ ಜನಕ್ಕೆ ತಲೆತಲಾಂತರದಿಂದ ಗೊತ್ತು. ಗೈಡ್‌ಗೂ ಗೊತ್ತಿತ್ತು.

ಅಂಗಳದಲ್ಲಿ ಆತ ಅಮ್ಮನಿಗೆ ದೊಮಾ ಕೊಟ್ಟ: ವೀಳ್ಯದೆಲೆ, ಸುಣ್ಣ, ಹಸಿ ಅಡಿಕೆ. ತೀರ್ಥಹಳ್ಳಿಯ ತವರಿನ ಅಮ್ಮನಿಗೆ ಆ ಅಡಿಕೆಯ ಕಟು ವಾಸನೆ ಹೊಸದು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು 2022ರಲ್ಲಿ ಕೇಂದ್ರ ಒಪ್ಪಿದಾಗ ಮಲೆನಾಡಿನಲ್ಲಿ ಎದ್ದ ಆತಂಕ ಅವಳಿಗೆ ನೆನಪಿತ್ತು. ಆದರೂ ಪೂರ್ತಿ ಅಗಿದಳು.

ಹೋಗುವವರಿಗೆ ನಾಲ್ಕು ಮಾತು. ವೋಟರ್ ಐಡಿಯೋ ಪಾಸ್‌ಪೋರ್ಟೋ ಮೂಲಪ್ರತಿಯೇ ಕೈಯಲ್ಲಿರಲಿ. ಮಕ್ಕಳಿದ್ದರೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ. ಕೈಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ. 2022ರಿಂದ ಭಾರತೀಯರೂ ತಲೆಗೆ ರಾತ್ರಿಯೊಂದಕ್ಕೆ 1200 ರೂಪಾಯಿ ಶುಲ್ಕ ಕಟ್ಟಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ತಕ್‌ಸಾಂಗನ್ನು ಕಡೆಯ ದಿನಕ್ಕೇ ಬಿಡಿ. ವಯಸ್ಸಾದವರನ್ನು ರಾತ್ರಿ ಊಟದ ಹೊತ್ತಿಗೆ ಗಮನಿಸಿ, ಅವರಾಗಿ ಹೇಳುವುದಿಲ್ಲ.

ಊರಿಗೆ ಬಂದ ಮರುವಾರ ಅಪ್ಪ ಬೈಲಕುಪ್ಪೆಗೆ ಹೊರಟರು, ನಾನೂ ಹೋದೆ. ಪಾರೋ ಕಡೆಯ ಸನ್ಯಾಸಿಯೊಬ್ಬರು ಅವರಿಗೆ ಪರಿಚಯ. 'ತಕ್‌ಸಾಂಗ್ ಆಯ್ತಾ ಮೇಷ್ಟ್ರೇ?' ಎಂದು ಕನ್ನಡದಲ್ಲೇ ಕೇಳಿದರು.

'ನೀರು ಬೀಳೋ ಜಾಗದವರೆಗೂ ಆಯ್ತು' ಎಂದರು ಅಪ್ಪ. ನನ್ನ ಹೆಸರೆತ್ತಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಪದ್ಮಸಂಭವನ ಎದುರು ಗೋಡೆಗೆ ಒರಗಿ ಕೂತರು. ಎದ್ದದ್ದು ಒಂದು ಗಂಟೆಯ ಮೇಲೆ.