ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿದೆಯೇ? ಮೊದಲು ವಯಸ್ಸು ನೋಡಿ

ಮೊನ್ನೆ ತಾಯಿಯೊಬ್ಬರು 13 ವರ್ಷದ ಮಗನ ರಕ್ತಪರೀಕ್ಷೆಯ ರಿಪೋರ್ಟ್ ಹಿಡಿದು ಬಂದಿದ್ದರು. ಆಲ್ಕಲೈನ್ ಫಾಸ್ಫಟೇಸ್ 340 ಯೂನಿಟ್ ಎಂದಿತ್ತು. ಪಕ್ಕದಲ್ಲಿ 40ರಿಂದ 130 ಎಂದು ಅಚ್ಚಾಗಿತ್ತು. ಲಿವರ್ ಕೆಟ್ಟಿದೆಯೆಂದು ಯಾರೋ ಹೇಳಿದ್ದರಂತೆ. ಎರಡು ದಿನದಿಂದ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ.

ಆ 40–130 ದೊಡ್ಡವರ ಲೆಕ್ಕ. ಈ ಕಿಣ್ವ, ಅಂದರೆ ಎಂಜೈಮು, ಲಿವರಿನಲ್ಲಷ್ಟೇ ಅಲ್ಲ, ಮೂಳೆಯಲ್ಲೂ ಇದೆ. ನೀರಿನ ಅಣುವನ್ನು ಬಳಸಿಕೊಂಡು ಫಾಸ್ಫೇಟನ್ನು ಕತ್ತರಿಸಿ ಬಿಡಿಸುವುದು ಇದರ ಕೆಲಸ. ಈ ಕತ್ತರಿಯ ಅಲಗಿನಲ್ಲಿ ಸತುವಿನ ಎರಡು ಕಣ, ಮೆಗ್ನೀಸಿಯಂನ ಒಂದು ಕಣ ಕುಳಿತಿರುತ್ತವೆ. ಅವಿಲ್ಲದಿದ್ದರೆ ಅದು ಕತ್ತರಿಸದು. ಮೂಳೆಯಲ್ಲಿ ಪೈರೋಫಾಸ್ಫೇಟ್ ಎಂಬ ವಸ್ತು ಸುಣ್ಣದ ಅಂಶ ಗಟ್ಟಿಯಾಗಿ ಕೂರದಂತೆ ತಡೆಯುತ್ತದೆ. ಈ ಕಿಣ್ವ ಅದನ್ನು ತುಂಡರಿಸಿದರೆ ಮಾತ್ರ ಮೂಳೆ ಗಟ್ಟಿಯಾಗುತ್ತದೆ. ವರ್ಷದೊಳಗೆ ಪ್ಯಾಂಟು ಗಿಡ್ಡವಾಗುವ ಹುಡುಗನ ರಕ್ತದಲ್ಲಿ ಅದು ಹೆಚ್ಚಿರದೆ ಇನ್ನೇನು? ಬಸುರಿಯರಲ್ಲೂ ಕೊನೆಯ ತಿಂಗಳುಗಳಲ್ಲಿ ಏರುತ್ತದೆ. ಅದು ಮಾಸಿನಿಂದ ಬರುವಂಥದು.

ಹಾಗೆಂದು ಕಡೆಗಣಿಸಲೂಬೇಡಿ. ಕಣ್ಣು ಹಳದಿಯಾಗಿ, ಮೈ ತುರಿಸಿ, ಮಲ ಬಿಳಿಚಿಕೊಂಡಿದ್ದರೆ ಪಿತ್ತನಾಳ ಕಟ್ಟಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮಗುವಿನ ಕಾಲು ಬಾಗಿದ್ದು ಈ ಅಂಕಿಯೂ ಏರಿದ್ದರೆ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಇದೆಯೇ ಎಂದು ನೋಡಬೇಕಾಗುತ್ತದೆ. ಸಂದೇಹವಿದ್ದರೆ ಜಿಜಿಟಿ ಎಂಬ ಇನ್ನೊಂದು ಪರೀಕ್ಷೆಯಿದೆ. ಅದು ಸರಿಯಿದ್ದರೆ ಏರಿಕೆ ಬಹುತೇಕ ಲಿವರಿನದಲ್ಲ.

ಆ ಹುಡುಗನಿಗೆ ಅದು ಸರಿಯಾಗಿಯೇ ಇತ್ತು. ಆಗಲೇ ಕೊಂಡುತಂದಿದ್ದ ಲಿವರ್ ಟಾನಿಕ್ಕನ್ನು ಅಂಗಡಿಗೆ ವಾಪಸು ಕೊಡಲು ಹೇಳಿ ಕಳುಹಿಸಿದೆ.