ಥಾರ್‌ಗೆ ಹೋಗುವುದಾದರೆ ಚಳಿಗಾಲದಲ್ಲೇ ಹೋಗಿ

ಜೈಸಲ್ಮೇರ್ ಮತ್ತು ಬಾಡ್‌ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯೊಳಗೆ ಹೋಗಿ ಬನ್ನಿ. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುತ್ತದೆ ಎಂಬುದು ಇದಕ್ಕೆ ಅರ್ಧ ಕಾರಣ ಮಾತ್ರ. ಉಳಿದರ್ಧ ಆಕಾಶದಲ್ಲಿದೆ: ಮಧ್ಯ ಏಷ್ಯಾದ ಕಡೆಯಿಂದ ಸ್ಟೆಪ್ ಹದ್ದುಗಳು, ದೊಡ್ಡ ರಣಹದ್ದುಗಳು ಚಳಿಗಾಲ ಕಳೆಯಲು ಇಲ್ಲಿಗೇ ಬರುತ್ತವೆ. ಬಿಸಿಲಿಗೆ ಕಾದ ನೆಲದಿಂದೇಳುವ ಗಾಳಿಯ ಕಂಪನವೂ ಆಗ ಕಡಿಮೆಯಿರುವುದರಿಂದ ದುರ್ಬೀನಿನಲ್ಲಿ ದೂರದ ಹಕ್ಕಿ ಸ್ಪಷ್ಟವಾಗಿ ಕಾಣುತ್ತದೆ.

ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಗಂಡು ಗಂಟಲಚೀಲ ಉಬ್ಬಿಸಿ ಹೆಣ್ಣನ್ನು ಕರೆಯುವುದು ಹೆಚ್ಚಾಗಿ ಮಳೆಗಾಲದಲ್ಲಿ, ಅದನ್ನು ಬಿಟ್ಟು ಚಳಿಗಾಲದಲ್ಲಿ ಹೋಗಿ ಏನು ಫಲ ಎಂದು ಪಕ್ಷಿಪ್ರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ಈ ಹಕ್ಕಿಗೆ ಥಾರ್ ಕೊನೆಯ ದೊಡ್ಡ ಆಸರೆ. ಅದು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುತ್ತದೆ. ಜೀಪಿನ ಸದ್ದಿಗೆ ತಾಯಿ ಎದ್ದುಹೋದರೆ ಕಾಗೆ, ನರಿಗಳಿಗೆ ಅಷ್ಟೇ ಸಾಕು. ಮಳೆಗಾಲದ ಆ ತಿಂಗಳುಗಳನ್ನು ಅದಕ್ಕೇ ಬಿಟ್ಟುಕೊಡೋಣ. ಚಳಿಗಾಲದಲ್ಲೂ ಉದ್ಯಾನದೊಳಗಿನ ಸುದಾಸರಿಯ ಸುತ್ತಮುತ್ತ ಅದು ಕಾಣುವ ಅವಕಾಶವಿದೆ. ಮುಳ್ಳುಬಾಲದ ಹಲ್ಲಿ ಮಾತ್ರ ಚಳಿಗೆ ಬಿಲ ಸೇರುತ್ತದೆ, ಅದನ್ನು ನೋಡಲೇಬೇಕೆಂದರೆ ಫೆಬ್ರವರಿ ಕೊನೆಯ ವಾರ ಆರಿಸಿಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಸಮ್ ಮರಳದಿಬ್ಬಗಳು ಜನರಿಂದ ತುಂಬಿರುತ್ತವೆ, ಆ ವಾರ ಬೇಡ. ರಾತ್ರಿ ಚಳಿ ಕೊರೆಯುತ್ತದೆ. ಉಣ್ಣೆಯ ಬಟ್ಟೆ, ಟೋಪಿ ಮರೆಯಬೇಡಿ.